ಸಹಾಯ ಬೇಕು: ಮನೆಯವರ ಆರೈಕೆ ಮಾಡುವ ಮಕ್ಕಳಿಗೆ ಕೇಳುವ ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ. ಕಾಯಿಲೆ ಅಥವಾ ಅಂಗವೈಕಲ್ಯವಿರುವ ಮನೆಯವರನ್ನು ನೋಡಿಕೊಳ್ಳುವ ಮಕ್ಕಳನ್ನು ಶಾಲೆಯಲ್ಲಿ ಗುರುತಿಸಲು ಒಂದು ಪುಟದ ಪ್ರಶ್ನಾವಳಿ ಬರೆಯುತ್ತಿದ್ದೇವೆ. ಎರಡು ಕಡೆ ಸಿಕ್ಕಿಕೊಂಡಿದ್ದೇವೆ.

"ಮನೆಯಲ್ಲಿ ಯಾರದಾದರೂ ಆರೈಕೆ ಮಾಡ್ತೀಯಾ?" ಅಂದರೆ ಎಷ್ಟೋ ಮಕ್ಕಳು "ಇಲ್ಲ" ಅನ್ನುತ್ತಾರೆ. ಸುಳ್ಳಲ್ಲ, ಅವರ ಪಾಲಿಗೆ ಅದು ಮನೆಗೆಲಸ ಅಷ್ಟೇ. ಅದಕ್ಕೇ ಕೆಲಸದ ಹೆಸರು ಹೇಳಿ, ಕಳೆದ ಒಂದು ತಿಂಗಳದ್ದನ್ನು ಕೇಳಬೇಕು: ಮಾತ್ರೆ ಕೊಡುವುದು, ಎಬ್ಬಿಸಿ ಕೂರಿಸುವುದು, ಸ್ನಾನ ಮಾಡಿಸುವುದು, ರಾತ್ರಿ ಎದ್ದು ನೋಡುವುದು. ಇಂಥ ಮಕ್ಕಳು ಮಾಡುವ ಆರೈಕೆಯ ಕೆಲಸ ಅಳೆಯಲೆಂದೇ ಇರುವ, 18 ಪ್ರಶ್ನೆಗಳ 'ಮಾಕಾ' (MACA) ಪ್ರಶ್ನಾವಳಿಯೂ ಹೀಗೇ ಇದೆ. ಪ್ರತಿಯೊಂದಕ್ಕೂ 0, 1 ಅಥವಾ 2, ಒಟ್ಟು 36 ಅಂಕ. ಆದರೆ ಅಂಕ ಕೆಲಸವನ್ನು ಅಳೆಯುತ್ತದೆ, ಭಾರವನ್ನಲ್ಲ. ಖಿನ್ನತೆಯಿರುವ ಅಮ್ಮನ ಮೇಲೆ ಸದಾ ಕಣ್ಣಿಟ್ಟಿರುವ ಹುಡುಗಿಗೆ ಕೈಗೆಲಸ ಕಡಿಮೆ, ಅಂಕವೂ ಕಡಿಮೆ.

ಹಾಳೆಯನ್ನು ಮನೆಗೆ ಕಳಿಸುವುದಿಲ್ಲ. ದೊಡ್ಡವರ ಎದುರು ತುಂಬಿದರೆ ಎಲ್ಲವೂ "ಇಲ್ಲ" ಆಗುತ್ತದೆ. ಹಾಜರಿ ಪುಸ್ತಕವನ್ನೂ ಜೊತೆಗಿಟ್ಟು ನೋಡುತ್ತೇವೆ: ವಾರದ ಅದದೇ ದಿನ ತಡವಾಗಿ ಬರುವ ಮಗುವಿನ ಮನೆಯವರೊಬ್ಬರಿಗೆ ಆ ದಿನ ಡಯಾಲಿಸಿಸ್ ಇರಬಹುದು.

ಬೇಕಾದದ್ದು ಇಷ್ಟು. ಶೌಚ ಮಾಡಿಸುವುದು, ಬಟ್ಟೆ ಬದಲಿಸುವುದನ್ನು 10 ವರ್ಷದ ಮಗು ನಾಚದೆ ಉತ್ತರಿಸುವಂತೆ ಹೇಗೆ ಕೇಳುವುದು? ಇನ್ನೊಂದು, ನಿಜ ಹೇಳಿದರೆ ತನ್ನನ್ನು ಮನೆಯಿಂದ ಬೇರೆ ಮಾಡುತ್ತಾರೆ ಎಂಬ ಭಯ ಮಕ್ಕಳಿಗಿದೆ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡುವಂತಿಲ್ಲ, ಅಪಾಯವಿದ್ದರೆ ಹೇಳಲೇಬೇಕು. ಇದನ್ನು ಮೊದಲೇ ತಿಳಿಸುವ ಎರಡು ಸಾಲು ಬರೆದುಕೊಡುತ್ತೀರಾ?