ಪಾರ್ಸೆಲ್ ಮೆಸೇಜು ನಂಬಿ ಅಕ್ಕ ಕಾರ್ಡ್ ನಂಬರ್, ಒಟಿಪಿ ಎರಡೂ ಕೊಟ್ಟಿದ್ದಾಳೆ. ಆದ್ರೆ ದುಡ್ಡೇ ಕಟ್ಟಾಗಿಲ್ಲ. ಏನಿದು?

ನೀಲಿಕೊಡೆ ಕೇಳಿದ್ದು:

ನಿನ್ನೆ ಮಧ್ಯಾಹ್ನ ಅಕ್ಕನ ಫೋನಿಗೆ ಒಂದು ಮೆಸೇಜು ಬಂತು. "ನಿಮ್ಮ ಪಾರ್ಸೆಲ್ ಗೋದಾಮಿಗೆ ಬಂದಿದೆ. ಮನೆ ನಂಬರ್ ಸರಿಯಿಲ್ಲದ ಕಾರಣ ತಲುಪಿಸಲು ಆಗಲಿಲ್ಲ. 24 ಗಂಟೆಯೊಳಗೆ ವಿಳಾಸ ಸರಿಪಡಿಸದಿದ್ದರೆ ವಾಪಸ್ ಕಳುಹಿಸಲಾಗುವುದು." ಕೆಳಗೆ ಲಿಂಕು. ಅವಳು ನಿಜವಾಗಿಯೂ ಒಂದು ಪಾರ್ಸೆಲ್ಲಿಗೆ ಕಾಯುತ್ತಿದ್ದಳು. ಒತ್ತಿದಳು.

ಆ ಪೇಜನ್ನು ನಾನೂ ನೋಡಿದೆ. ಥೇಟ್ ಅಸಲಿಯದರ ಹಾಗೇ ಇದೆ. ಲೋಗೋ, ಬಣ್ಣ, ಟ್ರ್ಯಾಕಿಂಗ್ ನಂಬರ್, 'ಗೋದಾಮು ತಲುಪಿದೆ' ಅಂತ ಒಂದು ಹಸಿರು ಟಿಕ್ಕು, ಅದರ ಕೆಳಗೆ 'ವಿಳಾಸ ಬಾಕಿ' ಅಂತ ಕೆಂಪು ಚುಕ್ಕೆ. ಹೆಸರು, ವಿಳಾಸ, ಫೋನ್ ನಂಬರ್ ಎಲ್ಲಾ ತುಂಬಿದ ಮೇಲೆ ಮತ್ತೆ ತಂದುಕೊಡೋಕೆ ಅಂತ ಚಿಲ್ಲರೆ ದುಡ್ಡು ಕೇಳಿದೆ. ಇಷ್ಟಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಅಂತ ಕಾರ್ಡ್ ನಂಬರ್ ಹಾಕಿದ್ದಾಳೆ. ಒಟಿಪಿ ಬಂದಿದೆ, ಅದನ್ನೂ ಹಾಕಿದ್ದಾಳೆ. 'ಕೋಡ್ ತಪ್ಪಾಗಿದೆ, ಇನ್ನೊಮ್ಮೆ ಪ್ರಯತ್ನಿಸಿ' ಅಂದಿದೆ. ಇನ್ನೊಂದು ಒಟಿಪಿ. ಅದನ್ನೂ ಹಾಕಿದ ಮೇಲೆ ಪೇಜು ಸುಮ್ನೆ ಕೊರಿಯರ್ ಕಂಪನಿಯ ಅಸಲಿ ವೆಬ್‌ಸೈಟಿಗೆ ಹೋಗಿ ನಿಂತಿದೆ.

ವಿಚಿತ್ರ ಏನಂದ್ರೆ, ಅಕೌಂಟಿನಲ್ಲಿ ಏನೂ ಕಟ್ಟಾಗಿಲ್ಲ. ಆ ಚಿಲ್ಲರೆ ಶುಲ್ಕ ಕೂಡ ಹೋಗಿಲ್ಲ. "ನೋಡು, ಏನೂ ಆಗಿಲ್ಲ, ನೀನೇ ಸುಮ್ನೆ ಹೆದರಿಸ್ತೀಯ" ಅಂತಾಳೆ ಅಕ್ಕ. ಏನೂ ಆಗದೇ ಇರೋದೇ ನನಗೆ ಜಾಸ್ತಿ ಭಯ. ದುಡ್ಡು ತೆಗೆಯೋದಿಲ್ಲ ಅಂದ್ರೆ ಅವರಿಗೆ ಬೇಕಾಗಿದ್ದಾದರೂ ಏನು?

ಇನ್ನೂ ಎರಡು ಅನುಮಾನ. ಆ ಮೆಸೇಜು ಬಂದಿದ್ದು ಅದೇ ಕೊರಿಯರ್ ಕಂಪನಿಯ ಹಳೇ ಮೆಸೇಜುಗಳ ಕೆಳಗೇ, ಅದೇ ಹೆಸರಲ್ಲಿ. ಅದು ಹೇಗೆ ಸಾಧ್ಯ? ಮತ್ತೆ ಲಿಂಕ್ ಒತ್ತಿದ್ದಕ್ಕೆ ಫೋನಿಗೆ ವೈರಸ್ ಬಂದಿರುತ್ತಾ?

ಮೂರುದಾರಿ:

ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ. ಆಮೇಲೆ ಬಂದು ಉತ್ತರ ಓದಿ.

ಹಳೇಕೀಲಿ:

ಒಂದು ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿ ಫೋನ್ ಎತ್ತುವ ಕೆಲಸ ನನ್ನದು. "ದುಡ್ಡೇನೂ ಹೋಗಿಲ್ಲ, ಸುಮ್ನೆ ತಿಳಿಸೋಣ ಅಂತ ಮಾಡಿದೆ" ಅನ್ನುವ ಕಾಲ್ ಬಂದರೆ ನಾನು ನೆಟ್ಟಗೆ ಕೂರುತ್ತೇನೆ.

ಆ ಚಿಲ್ಲರೆ ಶುಲ್ಕ ಅವರಿಗೆ ಬೇಕಾಗಿಯೇ ಇಲ್ಲ. ಅದು ಕಾರ್ಡ್ ನಂಬರ್ ಟೈಪ್ ಮಾಡಿಸೋಕೆ ಒಂದು ನೆಪ, ಅಷ್ಟೇ. ದೊಡ್ಡ ಮೊತ್ತ ಕೇಳಿದ್ದರೆ ನಿಮ್ಮ ಅಕ್ಕ ಒಂದು ಸಲ ಯೋಚಿಸುತ್ತಿದ್ದರು, ಅಲ್ವಾ? ಸಣ್ಣದು ಕೇಳಿದರೆ ಯಾರೂ ಯೋಚಿಸೋದಿಲ್ಲ.

ಅವರಿಗೆ ಬೇಕಾಗಿದ್ದು ಒಟಿಪಿ. ಅದೂ ದುಡ್ಡು ಕಟ್ಟುವ ಒಟಿಪಿ ಅಲ್ಲ. ನಿಮ್ಮ ಅಕ್ಕ ಈ ಕಡೆ ಕಾರ್ಡ್ ನಂಬರ್ ಟೈಪ್ ಮಾಡುತ್ತಿರುವಾಗಲೇ ಆ ಕಡೆ ಒಬ್ಬ ಅದೇ ನಂಬರನ್ನು ತನ್ನ ಫೋನಿನ ಆಪಲ್ ಪೇಗೋ ಗೂಗಲ್ ವಾಲೆಟ್ಟಿಗೋ ಸೇರಿಸುತ್ತಿರುತ್ತಾನೆ. ಕಾರ್ಡ್ ಸೇರಿಸೋಕೆ ಬ್ಯಾಂಕು ಕೋಡ್ ಕಳಿಸುತ್ತದೆ. ಅದು ಬರೋದು ಕಾರ್ಡಿನ ಒಡೆಯರ ಫೋನಿಗೆ. ಅದನ್ನು ನೀವೇ ಆ ಪೇಜಿನಲ್ಲಿ ಹಾಕಿಕೊಟ್ಟರೆ ಮುಗಿಯಿತು, ನಿಮ್ಮ ಕಾರ್ಡು ಅವನ ಫೋನಿನಲ್ಲಿ ಕೂತಿತು. ಇನ್ನು ಅಂಗಡಿಯಲ್ಲಿ ಫೋನ್ ತಾಗಿಸಿದರೆ ಸಾಕು. ಎರಡನೇ ಒಟಿಪಿ ಯಾಕೆ ಅಂದ್ರೆ, ಒಂದೋ ಮೊದಲನೆಯದಕ್ಕೆ ಟೈಮ್ ಮೀರಿತ್ತು, ಇಲ್ಲಾ ಇನ್ನೊಂದು ಫೋನಿಗೂ ಸೇರಿಸಿದ್ದಾರೆ.

ಈಗ ಅಕ್ಕನ ಫೋನ್ ತಗೊಂಡು ಆ ಎರಡು ಒಟಿಪಿ ಮೆಸೇಜುಗಳನ್ನು ಪೂರ್ತಿ ಓದಿ. ಬರೀ ಅಂಕಿ ಅಲ್ಲ, ಪಕ್ಕದ ವಾಕ್ಯ. 'ನಿಮ್ಮ ಕಾರ್ಡನ್ನು ವಾಲೆಟ್‌ಗೆ ಸೇರಿಸಲು ಈ ಕೋಡ್' ಅನ್ನುವ ಅರ್ಥದ್ದು ಏನಾದರೂ ಇರುತ್ತದೆ. ಬ್ಯಾಂಕು ಹೇಳಿರುತ್ತದೆ, ಓದುವವರು ಯಾರು? ಮೆಸೇಜು ಬಂದ ತಕ್ಷಣ ಕೀಬೋರ್ಡಿನ ಮೇಲೆ ಕೋಡ್ ತಾನೇ ಮೂಡುತ್ತದೆ, ಒಂದು ಸಲ ಒತ್ತಿದರೆ ತುಂಬಿಕೊಳ್ಳುತ್ತದೆ. ಮೆಸೇಜನ್ನು ತೆರೆಯುವ ಕೆಲಸವೇ ಇಲ್ಲ. ಈ ಅನುಕೂಲ ಮಾಡಿಕೊಟ್ಟವರ ಮೇಲೆ ನನಗೆ ನಿಮ್ಮ ಅಕ್ಕನ ಮೇಲಿಗಿಂತ ಜಾಸ್ತಿ ಸಿಟ್ಟಿದೆ.

ಹಾಗೆ ಸೇರಿಸಿಕೊಂಡವರು ಅವತ್ತೇ ಖರ್ಚು ಮಾಡಲೇಬೇಕು ಅಂತಿಲ್ಲ. ವಾರಗಟ್ಟಲೆ ಸುಮ್ಮನಿರುವವರೂ ಇದ್ದಾರೆ. ಅಷ್ಟು ಹೊತ್ತಿಗೆ ನೀವು ಆ ಮೆಸೇಜನ್ನೇ ಮರೆತಿರುತ್ತೀರಿ. ಇಂಥ ಕಾರ್ಡುಗಳನ್ನು ತುಂಬಿದ ಫೋನುಗಳನ್ನೇ ಒಬ್ಬರಿಂದ ಒಬ್ಬರಿಗೆ ಮಾರುವ ದಂಧೆಯೂ ಇದೆ.

ಬ್ಯಾಂಕಿಗೆ ಫೋನ್ ಮಾಡಿದಾಗ ಬರೀ "ಕಾರ್ಡ್ ಬ್ಲಾಕ್ ಮಾಡಿ" ಅನ್ನಬೇಡಿ. "ಈ ಕಾರ್ಡಿಗೆ ಯಾವ್ಯಾವ ಫೋನು, ವಾಲೆಟ್ ಸೇರಿವೆ ನೋಡಿ, ಎಲ್ಲವನ್ನೂ ತೆಗೆಯಿರಿ" ಅಂತ ಬಾಯಿಬಿಟ್ಟು ಕೇಳಿ. ವಾಲೆಟ್ಟಿನಲ್ಲಿ ಇರೋದು ಕಾರ್ಡಿನ ನಿಜವಾದ ನಂಬರ್ ಅಲ್ಲ, ಅದರ ಬದಲು ಕೊಟ್ಟ ಟೋಕನ್. ಕಾರ್ಡ್ ಬದಲಾದರೆ ಹಳೇ ಟೋಕನ್ ತಾನಾಗೇ ಹೊಸ ಕಾರ್ಡಿಗೆ ಅಂಟಿಕೊಳ್ಳುವ ವ್ಯವಸ್ಥೆಯೂ ಇದೆ. ಗ್ರಾಹಕರಿಗೆ ತೊಂದರೆ ಆಗಬಾರದು ಅಂತ ಮಾಡಿದ್ದು. ವಂಚನೆ ಅಂತ ನೀವು ಸ್ಪಷ್ಟವಾಗಿ ಹೇಳದಿದ್ದರೆ ಕಳ್ಳನಿಗೂ ತೊಂದರೆ ಆಗದೆ ಹೋಗಬಹುದು. ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ತಂತಿಬೇಲಿ:

ಹಳೇಕೀಲಿ ಅವರು ಮುಖ್ಯವಾದದ್ದು ಹೇಳಿದ್ದಾರೆ. ಉಳಿದ ಎರಡಕ್ಕೆ ನಾನು.

ಒಂದೇ ಹೆಸರಿನ ಕೆಳಗೆ ಬಂದಿದ್ದು: ಎಸ್ಎಂಎಸ್‌ನಲ್ಲಿ ನಂಬರಿನ ಜಾಗದಲ್ಲಿ ಕಾಣುವ ಕಂಪನಿ ಹೆಸರು ಬರೀ ಅಕ್ಷರ. ಕಳಿಸುವವನು ಬರೆದಿದ್ದೇ ಹೆಸರು. ಎರಡು ಮೆಸೇಜುಗಳಲ್ಲಿ ಒಂದೇ ಹೆಸರು ಕಂಡರೆ ಫೋನು ಎರಡನ್ನೂ ಒಟ್ಟಿಗೆ ಜೋಡಿಸುತ್ತದೆ. ಯಾರು ಕಳಿಸಿದ್ದು ಅಂತ ಅದು ವಿಚಾರಿಸೋದಿಲ್ಲ. ಇದನ್ನು ತಡೆಯೋಕೆ ಕೆಲವು ದೇಶಗಳು ಹೆಸರು ನೋಂದಣಿ ಕಡ್ಡಾಯ ಮಾಡಿವೆ. ಸಿಂಗಪುರದಲ್ಲಿ 2023ರ ಜನವರಿ 31ರಿಂದ ನೋಂದಣಿ ಇಲ್ಲದ ಹೆಸರಿನಿಂದ ಬಂದ ಮೆಸೇಜಿಗೆ 'ಮೋಸ ಇರಬಹುದು' ಅನ್ನುವ ಪಟ್ಟಿ ಬೀಳುತ್ತದೆ. ಆದರೆ ಈ ದಂಧೆಯವರಲ್ಲಿ ಬಹಳಷ್ಟು ಜನ ಈಗ ಎಸ್ಎಂಎಸ್ ಬಿಟ್ಟು, ಇಂಟರ್ನೆಟ್ ಮೂಲಕ ಹೋಗುವ ಐಮೆಸೇಜು (ಐಫೋನಿನದು), ಆರ್‌ಸಿಎಸ್ (ಎಸ್ಎಂಎಸ್‌ನ ಹೊಸ ರೂಪ) ಕಡೆ ಹೋಗಿದ್ದಾರೆ. ಅಲ್ಲಿ ಮೊಬೈಲ್ ಕಂಪನಿಯ ಜರಡಿ ಕೆಲಸ ಮಾಡೋದಿಲ್ಲ. ಐಫೋನಿನಲ್ಲಿ ಗುರುತಿಲ್ಲದವರು ಕಳಿಸಿದ ಲಿಂಕು ಒತ್ತಿದರೂ ತೆರೆಯೋದಿಲ್ಲ. ಅದಕ್ಕೇ ಅವರು 'ವೈ ಅಂತ ಉತ್ತರಿಸಿ, ಮೆಸೇಜು ಮುಚ್ಚಿ ಮತ್ತೆ ತೆರೆಯಿರಿ' ಅಂತ ಬರೆಯುತ್ತಾರೆ. ನೀವು ಉತ್ತರ ಕೊಟ್ಟ ತಕ್ಷಣ ಫೋನಿನ ಪಾಲಿಗೆ ಅವನು ಪರಿಚಿತ, ಲಿಂಕು ಜೀವ ಪಡೆಯುತ್ತದೆ.

ವೈರಸ್: ಬರೀ ಪೇಜು ತೆರೆದಿದ್ದಕ್ಕೆ ಸಾಮಾನ್ಯವಾಗಿ ಏನೂ ಆಗೋದಿಲ್ಲ. ಆದರೆ ಅಲ್ಲಿ 'ಪಾರ್ಸೆಲ್ ನೋಡೋಕೆ ಈ ಆ್ಯಪ್ ಹಾಕಿಕೊಳ್ಳಿ' ಅಂತ ಇದ್ದು, ಹಾಕಿಕೊಂಡಿದ್ದರೆ ಕಥೆ ಬೇರೆ. ಫ್ಲೂಬಾಟ್ ಅಂತ ಒಂದಿತ್ತು, ಆಂಡ್ರಾಯ್ಡ್ ಫೋನುಗಳಿಗೆ ಇದೇ ಪಾರ್ಸೆಲ್ ನೆಪದಲ್ಲೇ ನುಗ್ಗುತ್ತಿತ್ತು. ಬ್ಯಾಂಕ್ ಪಾಸ್‌ವರ್ಡ್ ಕದಿಯೋದಲ್ಲದೆ, ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಅದೇ ಮೆಸೇಜು ಹರಡುತ್ತಿತ್ತು. 2022ರಲ್ಲಿ 11 ದೇಶಗಳ ಪೊಲೀಸರು ಸೇರಿ ಅದನ್ನು ಮುಚ್ಚಿಸಬೇಕಾಯಿತು. ಅಕ್ಕ ಆ್ಯಪ್ ಏನಾದರೂ ಹಾಕಿಕೊಂಡಳಾ ಕೇಳಿ.

ಅಂದಹಾಗೆ ಆ ಲಿಂಕಿನ ವಿಳಾಸ ನೆನಪಿದೆಯಾ? ಲಿಂಕ್ ಬೇಡ, ಬಾಯಲ್ಲಿ ಹೇಳೋ ಹಾಗೆ ಬರೆಯಿರಿ.

ನೀಲಿಕೊಡೆ:

ಆ್ಯಪ್ ಹಾಕಿಲ್ಲ. ವಿಳಾಸ ಹೀಗಿತ್ತು: ಕಂಪನಿ ಹೆಸರು, ಡಾಟ್ ಕಾಮ್, ಹೈಫನ್, ಟ್ರ್ಯಾಕ್, ಡಾಟ್ ಟಾಪ್, ಓರೆಗೆರೆ, ಆಮೇಲೆ ಏನೇನೋ ಅಂಕಿ. ಕಂಪನಿ ಹೆಸರೂ ಡಾಟ್ ಕಾಮೂ ಇದೆಯಲ್ಲಾ ಅಂತ ಅಕ್ಕನ ವಾದ.

ತಂತಿಬೇಲಿ:

ಅದೇ ಆಟ. ವಿಳಾಸದ ಒಡೆಯ ಯಾರು ಅಂತ ಗೊತ್ತಾಗೋದು ಶುರುವಿನಿಂದ ಅಲ್ಲ. ಮೊದಲಿನ ಜೋಡಿ ಗೆರೆ ಬಿಟ್ಟು, ಆಮೇಲೆ ಬರುವ ಮೊದಲ ಒಂಟಿ ಓರೆಗೆರೆ ಹುಡುಕಿ, ಅಲ್ಲಿಂದ ಹಿಂದಕ್ಕೆ ಓದಬೇಕು. ಓರೆಗೆರೆಯ ಹಿಂದೆ 'ಟಾಪ್', ಅದರ ಹಿಂದೆ 'ಕಾಮ್ ಹೈಫನ್ ಟ್ರ್ಯಾಕ್'. ಒಡೆಯನ ಹೆಸರು ಅಲ್ಲಿಗೇ ಮುಗಿಯಿತು: 'ಕಾಮ್-ಟ್ರ್ಯಾಕ್ ಡಾಟ್ ಟಾಪ್'. ಅದರ ಎಡಕ್ಕಿರುವ ಕಂಪನಿ ಹೆಸರು ಯಾರು ಬೇಕಾದರೂ ಹಚ್ಚಿಕೊಳ್ಳಬಹುದಾದ ಬೋರ್ಡು. 'ಕಾಮ್' ಆದ ಮೇಲೆ ಡಾಟೋ ಹೈಫನ್ನೋ ಬಂದು ವಿಳಾಸ ಮುಂದುವರಿದರೆ ಆ ಕಾಮ್‌ಗೆ ಬೆಲೆಯಿಲ್ಲ. ಮೊಬೈಲಿನಲ್ಲಿ ವಿಳಾಸದ ಪಟ್ಟಿ ಚಿಕ್ಕದು, ಪೂರ್ತಿ ಕಾಣೋದೂ ಇಲ್ಲ. ಇಂಥ ಎಷ್ಟೋ ಪೇಜುಗಳು ಮೊಬೈಲಿನಲ್ಲಿ ಮಾತ್ರ ತೆರೆಯುತ್ತವೆ. ಕಂಪ್ಯೂಟರಿನಲ್ಲಿ ನೋಡಿದರೆ ಖಾಲಿ ಪುಟ.

ಚುರುಕುಮೆಣಸು:

ಬೇಜಾರು ಮಾಡ್ಕೋಬೇಡಿ, ಆದರೆ ಇದಕ್ಕೆ ಈಗಲೂ ಬೀಳುವವರು ಇದ್ದಾರಾ? ಪಾರ್ಸೆಲ್ ಬರುತ್ತೆ ಅಂತ ಅವರಿಗೆ ಹೇಗೆ ಗೊತ್ತಾಯಿತು ಅಂತಾದರೂ ಯೋಚಿಸಬೇಕಿತ್ತು.

ಹಳೇಕೀಲಿ:

ಅವರಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗೂ ಇಲ್ಲ. ಲಕ್ಷಗಟ್ಟಲೆ ನಂಬರಿಗೆ ಕಳಿಸಿದರೆ ಯಾರೋ ಒಬ್ಬರು ಕಾಯ್ತಾನೇ ಇರುತ್ತಾರೆ. ಹಬ್ಬದ, ಸೇಲ್‌ನ ಸಮಯದಲ್ಲಂತೂ ಕಾಯದೇ ಇರುವವರೇ ಕಡಿಮೆ.

ಬೀಳುವವರು ಇದ್ದಾರಾ ಅಂದ್ರಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಲೆಕ್ಕ ಇದೆ: 2024ರಲ್ಲಿ ಮೆಸೇಜಿನಿಂದ ಶುರುವಾದ ಮೋಸಗಳಲ್ಲಿ ಜನ ಕಳೆದುಕೊಂಡೆವು ಅಂತ ದೂರು ಕೊಟ್ಟ ಮೊತ್ತವೇ 47 ಕೋಟಿ ಡಾಲರ್. 2020ರದಕ್ಕಿಂತ ಐದು ಪಟ್ಟು ಜಾಸ್ತಿ. ಜನ ಅತಿ ಹೆಚ್ಚು ದೂರು ಕೊಟ್ಟ ಬಗೆ ಯಾವುದು ಗೊತ್ತಾ? ಇದೇ ಪಾರ್ಸೆಲ್. ನನ್ನ ಲೈನಿಗೆ ಬರುವವರಲ್ಲಿ ವಕೀಲರು, ಸಾಫ್ಟ್‌ವೇರ್‌ನವರು ಎಲ್ಲರೂ ಇದ್ದಾರೆ. 'ನನ್ನಂಥವನು ಬೀಳಲ್ಲ' ಅಂದುಕೊಂಡಿದ್ದವರು ಫೋನ್ ಮಾಡೋದು ಮಾತ್ರ ತಡ, ನಾಚಿಕೆಗೆ. ಆ ತಡದಲ್ಲೇ ದುಡ್ಡು ಹೋಗೋದು.

ಇನ್ನೊಂದು. ಪೇ ಬಟನ್ ಒತ್ತದೆ ಅರ್ಧಕ್ಕೇ ವಾಪಸ್ ಬಂದವರೂ ನೆಮ್ಮದಿಯಾಗಿ ಇರೋ ಹಾಗಿಲ್ಲ. ಈ ಪೇಜುಗಳಲ್ಲಿ ಹಲವು ನೀವು ಟೈಪ್ ಮಾಡಿದ ಪ್ರತಿ ಅಂಕಿಯನ್ನೂ ಆಗಿಂದಾಗಲೇ ಆ ಕಡೆ ಕಳಿಸುತ್ತಿರುತ್ತವೆ.

ನೀಲಿಕೊಡೆ:

ಎಲ್ಲರಿಗೂ ಥ್ಯಾಂಕ್ಸ್. ಹಳೇಕೀಲಿ ಅವರು ಹೇಳಿದ್ದೇ ನಿಜ. ಎರಡೂ ಮೆಸೇಜಿನಲ್ಲಿ 'ವಾಲೆಟ್‌ಗೆ ಸೇರಿಸಲು' ಅಂತಲೇ ಇದೆ. ಅಕ್ಕನಿಗೆ ಓದಿ ತೋರಿಸಿದೆ, ಮಾತೇ ಆಡಲಿಲ್ಲ. ಬ್ಯಾಂಕಿನವರು ನೋಡಿದಾಗ ನಮ್ಮದಲ್ಲದ ಎರಡು ಫೋನು ಸಿಕ್ಕವು. ತೆಗೆದಿದ್ದಾರೆ. ಹೊಸ ಕಾರ್ಡ್ ಬರುತ್ತೆ.

ಈ ಪ್ರಶ್ನೆ ಹಾಕಿದ ಮೇಲೆ ಯಾರೋ ನನಗೆ ಖಾಸಗಿಯಾಗಿ ಬರೆದಿದ್ದಾರೆ, 'ಹೋದ ಹಣ ವಾಪಸ್ ತರಿಸಿಕೊಡುತ್ತೇನೆ, ಮೊದಲು ಫೈಲ್ ಶುಲ್ಕ ಕಳಿಸಿ' ಅಂತ. ನಮ್ಮ ಹಣ ಹೋಗೇ ಇಲ್ಲ ಅಂತ ಆ ಪುಣ್ಯಾತ್ಮ ಓದಿಯೂ ಇಲ್ಲ.

ಇನ್ನೊಂದು ವಿಷಯ ಅಕ್ಕ ಈಗ ಬಾಯಿಬಿಟ್ಟಳು. ಅವಳು ಮೊದಲು ಹಾಕಿದ್ದು ಈ ಕಾರ್ಡ್ ಅಲ್ಲವಂತೆ. ಭಾವನ ಕಾರ್ಡ್ ಹಾಕಿದ್ದಳು, ಅದು 'ಈ ಕಾರ್ಡ್ ಸ್ವೀಕರಿಸಲಾಗದು, ಬೇರೆ ಕಾರ್ಡ್ ಬಳಸಿ' ಅಂತ ಬಂತಂತೆ. ಸ್ವೀಕರಿಸದ ಕಾರ್ಡಿಗೂ ತೊಂದರೆ ಇದೆಯಾ?

ಹಳೇಕೀಲಿ:

ಅಯ್ಯೋ. ಸ್ವೀಕರಿಸಿದ್ದಾರೆ, ಸ್ವೀಕರಿಸಿಲ್ಲ ಅಂತ ತೋರಿಸಿದ್ದಾರೆ ಅಷ್ಟೇ. ಒಂದು ಕಾರ್ಡ್ ಕೊಟ್ಟವರ ಹತ್ತಿರ ಇನ್ನೊಂದು ಇರುತ್ತೆ ಅಂತ ಅವರಿಗೆ ಗೊತ್ತು. ಈಗಲೇ ಭಾವನಿಗೆ ಹೇಳಿ. ಆಗ ಅವರ ಫೋನಿಗೆ ಒಟಿಪಿ ಬಂದಿತ್ತಾ?

ನೀಲಿಕೊಡೆ:

ಬಂದಿತ್ತಂತೆ. ಭಾವನೇ ಆಫೀಸಿನಿಂದ ಫೋನ್ ಮಾಡಿ ಅಂಕಿ ಓದಿ ಹೇಳಿದ್ದರಂತೆ. ಈಗ ಬ್ಯಾಂಕಿನ ಲೈನಲ್ಲಿ ಕಾಯ್ತಿದ್ದಾರೆ, ಸ್ಪೀಕರ್ ಆನ್ ಇದೆ, ಅಕ್ಕ ಪಕ್ಕದಲ್ಲೇ ನಿಂತು "ಬರೀ ಬ್ಲಾಕ್ ಅನ್ನಬೇಡಿ, ಯಾವ್ಯಾವ ಫೋನ್ ಸೇರಿದೆ ಕೇಳಿ" ಅಂತ ಹೇಳಿಕೊಡ್ತಿದ್ದಾಳೆ.