ಲಿಂಕ್ ಚೆಕರ್ ಪ್ಲಗಿನ್ ಹೊಸ ರೂಪ: ಸರಿಯಿರುವ ಲಿಂಕನ್ನೂ ‘ಬ್ರೋಕನ್’ ಅಂತಿದೆ, ಹಳೆಯದಕ್ಕೆ ಮರಳೋದು ಹೇಗೆ?

ಪ್ರಶ್ನೆ:
ನಮಸ್ಕಾರ. ವರ್ಡ್‌ಪ್ರೆಸ್ ತಾಣ, ಸುಮಾರು 1,400 ಕನ್ನಡ ಲೇಖನ, ಶೇರ್ಡ್ ಹೋಸ್ಟಿಂಗ್. ಮುರಿದ ಲಿಂಕ್ ಹುಡುಕುವ ಪ್ಲಗಿನ್ ಅಪ್‌ಡೇಟ್ ಆದಮೇಲೆ ಪೂರ್ತಿ ಬದಲಾಗಿದೆ. ಮೊದಲು ಪಟ್ಟಿಯಲ್ಲೇ ವಿಳಾಸ ತಿದ್ದಬಹುದಿತ್ತು, ಲಿಂಕ್ ಕಿತ್ತುಹಾಕಬಹುದಿತ್ತು, ‘ಇದು ಸರಿಯಿದೆ’ ಅಂತ ಗುರುತು ಹಾಕಬಹುದಿತ್ತು. ಈಗ ಬೇರೆ ಖಾತೆ ತೆರೆದು ಅವರ ಸರ್ವರಿನಿಂದ ತಪಾಸಣೆ ಮಾಡಿಸಬೇಕು, ಕೊನೆಗೆ ಸಿಗೋದು ಬರೀ ವರದಿ. ಅದರಲ್ಲಿ 212 ‘ಬ್ರೋಕನ್’. ಬ್ರೌಸರಿನಲ್ಲಿ ನೋಡಿದರೆ ಮುಕ್ಕಾಲು ಪಾಲು ತೆರೆಯುತ್ತವೆ. ಹಳೆಯ ಗುರುತುಗಳೂ ಕಾಣುತ್ತಿಲ್ಲ. ಹಿಂದಿನ ಆವೃತ್ತಿಗೆ ಹೋಗಬಹುದಾ? ಇಷ್ಟೊಂದು ಸುಳ್ಳು ದೂರು ಯಾಕೆ?

ಉತ್ತರ 1:
ಮೊದಲು ಒಂದು ವಿಷಯ: ಪ್ಲಗಿನ್ ‘ಡಿಲೀಟ್’ ಮಾಡಬೇಡಿ, ‘ಡಿಆಕ್ಟಿವೇಟ್’ ಅಷ್ಟೇ ಮಾಡಿ. ಡಿಲೀಟ್ ಮಾಡಿದರೆ ಬಹಳ ಪ್ಲಗಿನ್‌ಗಳು ತಮ್ಮ ಟೇಬಲ್‌ಗಳನ್ನೂ ಅಳಿಸಿಬಿಡುತ್ತವೆ. ನಿಮ್ಮ ಹಳೆಯ ಗುರುತುಗಳು ಇನ್ನೂ ಡೇಟಾಬೇಸಿನಲ್ಲೇ ಇರಬಹುದು, ಹೊಸ ಪರದೆ ತೋರಿಸುತ್ತಿಲ್ಲ ಅಷ್ಟೇ. ಪಿಎಚ್‌ಪಿಮೈಅಡ್ಮಿನ್‌ನಲ್ಲಿ (ಡೇಟಾಬೇಸ್ ನೋಡಿಕೊಳ್ಳುವ ಸಾಧನ) ಪೂರ್ತಿ ಡೇಟಾಬೇಸ್ ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು ಮುಂದುವರಿಯಿರಿ.

ವರ್ಡ್‌ಪ್ರೆಸ್ ಪ್ಲಗಿನ್ ಡೈರೆಕ್ಟರಿಯಲ್ಲಿ ಆ ಪ್ಲಗಿನ್ ಪುಟದ ‘ಅಡ್ವಾನ್ಸ್ಡ್ ವ್ಯೂ’ಗೆ ಹೋಗಿ. ಕೆಳಗೆ ಹಿಂದಿನ ಆವೃತ್ತಿಗಳ ಪಟ್ಟಿ ಇರುತ್ತದೆ. ಹೊಸ ರೂಪ ಬರುವ ಮೊದಲಿನ ಕೊನೆಯ ಆವೃತ್ತಿಯ ಜಿಪ್ ಇಳಿಸಿ, ‘ಅಪ್‌ಲೋಡ್ ಪ್ಲಗಿನ್’ ಮೂಲಕ ಏರಿಸಿ. ವರ್ಡ್‌ಪ್ರೆಸ್ 5.5ರಿಂದೀಚೆಗೆ, ಈಗಿರುವುದರ ಬದಲು ಇದನ್ನು ಹಾಕಲೇ ಅಂತ ಅದೇ ಕೇಳುತ್ತದೆ. ಆಮೇಲೆ ಆ ಪ್ಲಗಿನ್ನಿನ ಆಟೋ ಅಪ್‌ಡೇಟ್ ಆಫ್ ಮಾಡಿ, ಇಲ್ಲದಿದ್ದರೆ ಮತ್ತೆ ಹೊಸದೇ ಬಂದು ಕೂರುತ್ತದೆ.

ಆದರೆ ಚೇಂಜ್‌ಲಾಗ್ (ಪ್ರತಿ ಆವೃತ್ತಿಯಲ್ಲಿ ಏನು ಬದಲಾಯಿತು ಅನ್ನೋ ಪಟ್ಟಿ) ಓದದೆ ಈ ಕೆಲಸಕ್ಕೆ ಕೈ ಹಾಕಬೇಡಿ. ನಡುವಿನ ಯಾವುದೇ ಆವೃತ್ತಿಯಲ್ಲಿ ಸುರಕ್ಷತೆಯ ದೋಷ ಸರಿಪಡಿಸಿದ್ದರೆ, ಲೈವ್ ತಾಣಕ್ಕೆ ಹಳೆಯದು ಹಾಕುವುದು ಸರಿಯಲ್ಲ. ಆಗ ಸ್ಕ್ರೀಮಿಂಗ್ ಫ್ರಾಗ್‌ನಂಥ ಡೆಸ್ಕ್‌ಟಾಪ್ ಕ್ರಾಲರ್ (ನಿಮ್ಮ ಕಂಪ್ಯೂಟರಿನಿಂದಲೇ ತಾಣದ ಪುಟಗಳನ್ನೆಲ್ಲ ಸುತ್ತಿ ಲಿಂಕ್ ನೋಡುವ ತಂತ್ರಾಂಶ) ಒಳ್ಳೆಯದು. ಉಚಿತ ಆವೃತ್ತಿಗೆ 500 ಯುಆರ್‌ಎಲ್ ಮಿತಿ ಇರುವುದರಿಂದ ವಿಭಾಗವಾರು ಓಡಿಸಬೇಕಾಗುತ್ತದೆ. ‘ಇನ್‌ಲಿಂಕ್ಸ್’ ಎಕ್ಸ್‌ಪೋರ್ಟ್ ಮಾಡಿದರೆ ಯಾವ ಲೇಖನದ ಯಾವ ಪದಕ್ಕೆ ಆ ಲಿಂಕ್ ಅಂಟಿದೆ ಅಂತ ಸಾಲುಸಾಲಾಗಿ ಸಿಗುತ್ತದೆ.

ಉತ್ತರ 2:
ಸುಳ್ಳು ದೂರಿನ ಬಗ್ಗೆ. ‘ಬ್ರೋಕನ್’ ಅನ್ನೋ ಒಂದೇ ಪದ ನೋಡಬೇಡಿ, ಸ್ಟೇಟಸ್ ಕೋಡ್ (ಪುಟ ಕೇಳಿದಾಗ ಸರ್ವರ್ ಉತ್ತರದ ಜೊತೆ ಕೊಡುವ ಸಂಖ್ಯೆ) ಪ್ರಕಾರ ಪಟ್ಟಿ ಬೇರೆ ಮಾಡಿ. 404, 410 ಬಂದರೆ ಪುಟ ಇಲ್ಲ, ತಿದ್ದಲೇಬೇಕು. 403, 429 ಮತ್ತು ಲಿಂಕ್ಡ್‌ಇನ್ ಕೊಡುವ 999 ಅಂದರೆ ಪುಟ ಇರಬಹುದು, ಬಾಟ್ (ಮನುಷ್ಯರಲ್ಲ, ತಂತ್ರಾಂಶ) ಅಂತ ಬಾಗಿಲು ಹಾಕಿದ್ದಾರೆ. 405 ಬಂದರೆ ಪ್ಲಗಿನ್ ‘ಹೆಡ್’ ವಿನಂತಿ (ಪುಟ ಬೇಡ, ಅದರ ಮಾಹಿತಿ ಸಾಕು) ಕಳಿಸಿದೆ, ಆ ಸರ್ವರ್ ‘ಗೆಟ್’ಗೆ (ಪೂರ್ತಿ ಪುಟ ಕೊಡಿ) ಮಾತ್ರ ಉತ್ತರಿಸುತ್ತದೆ. 503 ಅಂದರೆ ಸರ್ವರ್ ಸದ್ಯಕ್ಕೆ ಲಭ್ಯವಿಲ್ಲ, ಅದು ಬಂದದ್ದನ್ನು ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡಿ.

ತಪಾಸಣೆ ಹೊರಗಿನ ಸರ್ವರಿಗೆ ಹೋದದ್ದೇ ಇಲ್ಲಿ ದೊಡ್ಡ ಬದಲಾವಣೆ. ಡೇಟಾ ಸೆಂಟರ್ ಐಪಿ ಕಂಡರೆ ಬಹಳ ತಾಣಗಳ ಫೈರ್‌ವಾಲ್ 403 ಕೊಡುತ್ತದೆ. ನಮ್ಮ ಕೆಲವು ಸರ್ಕಾರಿ ತಾಣಗಳು ಹೊರದೇಶದ ಐಪಿಗೆ ತೆರೆಯುವುದೇ ಇಲ್ಲ. ಇನ್ನು ‘ಕರ್ಲ್ ಎರರ್ 60’ (ತಾಣದ ಸುರಕ್ಷತಾ ಸರ್ಟಿಫಿಕೇಟ್ ಪರಿಶೀಲನೆ ಸೋತಿದೆ) ಅಂತಿದ್ದರೆ, ಆ ತಾಣದವರು ತಮ್ಮ ಸರ್ಟಿಫಿಕೇಟನ್ನು ನಂಬಿಕೆಯ ಮೂಲ ಸಂಸ್ಥೆಗೆ ಜೋಡಿಸುವ ಮಧ್ಯದ ಸರ್ಟಿಫಿಕೇಟ್ ಹಾಕದೆ ಬಿಟ್ಟಿರುವ ಸಾಧ್ಯತೆ ಹೆಚ್ಚು. ಬ್ರೌಸರ್ ಅದನ್ನು ತಾನೇ ಹುಡುಕಿಕೊಳ್ಳುತ್ತದೆ, ಚೆಕರ್ ಹುಡುಕುವುದಿಲ್ಲ. ಹಾಗಾಗಿ ನಿಮಗೆ ತೆರೆಯುತ್ತದೆ, ಅದಕ್ಕೆ ತೆರೆಯುವುದಿಲ್ಲ.

ಇವೆಲ್ಲವನ್ನೂ 404 ಜೊತೆ ಒಂದೇ ಕೆಂಪು ಬಣ್ಣದಲ್ಲಿ ತೋರಿಸುವುದು ವಿನ್ಯಾಸದ ದೊಡ್ಡ ತಪ್ಪು. ಅದನ್ನು ನಂಬಿ ಒಟ್ಟಿಗೆ ಅನ್‌ಲಿಂಕ್ ಮಾಡಿದವರ ಲೇಖನಗಳಿಂದ ಒಳ್ಳೊಳ್ಳೆ ಆಕರಗಳು ಕಳೆದುಹೋಗುತ್ತವೆ.

ಪ್ರಶ್ನೆ ಕೇಳಿದವರು:
ಕೋಡ್ ಪ್ರಕಾರ ಬೇರೆ ಮಾಡಿದೆ, ಧನ್ಯವಾದ. ಉಳಿದ 404ಗಳಲ್ಲಿ 40 ನಮ್ಮದೇ ತಾಣದ ಒಳಗಿನ ಲಿಂಕ್‌ಗಳು, ಎಲ್ಲವೂ ಕನ್ನಡ ಸ್ಲಗ್ (ವಿಳಾಸದ ಕೊನೆಯಲ್ಲಿ ಬರುವ ಲೇಖನದ ಹೆಸರು). ಆ ಲೇಖನಗಳು ಇವೆ.

ಉತ್ತರ 3:
ವರದಿಯಲ್ಲಿರುವ ವಿಳಾಸದಲ್ಲಿ %25 ಇದೆಯಾ ನೋಡಿ. ‘ಕ’ ಒಂದು ಅಕ್ಷರ ವಿಳಾಸದಲ್ಲಿ %ಇ0%ಬಿ2%95 ಆಗುತ್ತದೆ (ಇ, ಬಿ ಜಾಗದಲ್ಲಿ ಇಂಗ್ಲಿಷ್ ಅಕ್ಷರ). ಹೀಗೆ ಬದಲಿಸುವುದೇ ಎನ್‌ಕೋಡ್. ಅದನ್ನು ಇನ್ನೊಮ್ಮೆ ಎನ್‌ಕೋಡ್ ಮಾಡಿದರೆ ಪ್ರತಿ % ಚಿಹ್ನೆ %25 ಆಗಿ, %25ಇ0%25ಬಿ2%2595 ಅಂತ ಉಳಿಯುತ್ತದೆ. ಅಂಥ ಸ್ಲಗ್ ನಿಮ್ಮಲ್ಲಿಲ್ಲ, ಆದ್ದರಿಂದ 404. ಅದೇ ಲೇಖನದ ಎಡಿಟರಿನಲ್ಲಿ ಲಿಂಕ್ ನೋಡಿ: ಅಲ್ಲೂ %25 ಇದ್ದರೆ ತಪ್ಪು ನಿಮ್ಮ ಲೇಖನದ್ದು, ಇಲ್ಲದಿದ್ದರೆ ಪ್ಲಗಿನ್ನಿನದು.

ಲೇಖನದ್ದಾದರೆ ಡಬ್ಲ್ಯೂಪಿ-ಸಿಎಲ್‌ಐ (ಕಮಾಂಡ್ ಬರೆದು ವರ್ಡ್‌ಪ್ರೆಸ್ ನಡೆಸುವ ಸಾಧನ) ‘ಸರ್ಚ್-ರಿಪ್ಲೇಸ್’ನಲ್ಲಿ %25ಇ0%25ಬಿ2%25 ಬದಲಿಗೆ %ಇ0%ಬಿ2% ಕೊಡಿ, ಆಮೇಲೆ ಬಿ2 ಜಾಗದಲ್ಲಿ ಬಿ3 ಇರುವುದಕ್ಕೂ ಹಾಗೇ ಮಾಡಿ. ಕನ್ನಡದ ಎಲ್ಲ ಅಕ್ಷರಗಳೂ ಈ ಎರಡರಲ್ಲಿ ಬರುತ್ತವೆ. ಮೊದಲು ‘ಡ್ರೈ-ರನ್’ (ಏನನ್ನೂ ಬದಲಿಸದ ಪ್ರಯೋಗ) ಮಾಡಿ ಎಷ್ಟು ಜಾಗ ಸಿಗುತ್ತವೆ ನೋಡಿ. ಬದಲಾವಣೆ ಪೋಸ್ಟ್ ಕಂಟೆಂಟ್ ಕಾಲಂಗೆ ಸೀಮಿತವಾಗಿರಲಿ. ಬರೀ %25 ಅನ್ನು % ಮಾಡಲು ಹೋಗಬೇಡಿ, ಬೇರೆ ತಾಣದ ಸರಿಯಾದ ಲಿಂಕ್‌ಗಳು ಕೆಡುತ್ತವೆ.

ಇನ್ನೊಂದು, ಇದನ್ನು ಯಾವ ಚೆಕರೂ ಹೇಳುವುದಿಲ್ಲ. ವರ್ಡ್‌ಪ್ರೆಸ್ ಸ್ಲಗ್‌ಗೆ 200 ಕ್ಯಾರೆಕ್ಟರ್ ಮಿತಿ. ಕನ್ನಡದ ಒಂದೊಂದು ಅಕ್ಷರ, ಒತ್ತು, ಕಾಗುಣಿತದ ಗುರುತು ತಲಾ 9 ತಿನ್ನುತ್ತವೆ. ‘ಕರ್ನಾಟಕ’ ಒಂದೇ ಪದಕ್ಕೆ 63. ಮೂರು ಪದಕ್ಕೇ ಜಾಗ ಮುಗಿಯಿತು. ಒಂದೇ ರೀತಿ ಶುರುವಾಗುವ ಎರಡು ಉದ್ದ ಶೀರ್ಷಿಕೆಗಳು ಕತ್ತರಿಸಿ ಒಂದೇ ಸ್ಲಗ್ ಆಗುತ್ತವೆ, ಎರಡನೆಯದಕ್ಕೆ ಕೊನೆಯಲ್ಲಿ -2 ಸೇರುತ್ತದೆ. ಆ -2 ಬಿಟ್ಟು ಲಿಂಕ್ ಕೊಟ್ಟಿದ್ದರೆ ಬೇರೆ ಲೇಖನ ತೆರೆಯುತ್ತದೆ, ಸ್ಟೇಟಸ್ ಕೋಡ್ ಮಾತ್ರ 200, ಅಂದರೆ ‘ಸರಿಯಿದೆ’. ಪೋಸ್ಟ್‌ಗಳ ಪಟ್ಟಿಯಲ್ಲಿ -2 ಇರುವ ಸ್ಲಗ್‌ಗಳನ್ನು ಹುಡುಕಿ ಕೈಯಾರೆ ನೋಡಿ, ಚಿಕ್ಕದು ಮಾಡಿ. ಪ್ರಕಟವಾದ ಪೋಸ್ಟ್‌ನ ಸ್ಲಗ್ ಬದಲಿಸಿದರೆ ವರ್ಡ್‌ಪ್ರೆಸ್ ಹಳೆಯದರಿಂದ ಹೊಸದಕ್ಕೆ 301 (ಶಾಶ್ವತ ರಿಡೈರೆಕ್ಟ್) ತಾನೇ ಹಾಕುತ್ತದೆ. ‘ಪೇಜ್’ಗಳಿಗೆ ಹಾಕುವುದಿಲ್ಲ, ಅವಕ್ಕೆ ನೀವೇ ರಿಡೈರೆಕ್ಟ್ ಬರೆಯಬೇಕು.