ಪದಚರ್ಚೆ: ‘ಸೇವನಾವಕಾಶ’ ಅಂದರೆ ಹಕ್ಕೋ, ಅವಕಾಶವೋ?

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಬದಿಯಡ್ಕದ ಕಡೆಯಿಂದ ಬರೆಯುತ್ತಿದ್ದೇನೆ. ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಅದರ ಬೆನ್ನಿಗೆ ಇನ್ನೂ ಕೆಲವು ಪದಗಳು ಬರುತ್ತವೆ. ಎಲ್ಲವೂ ಪಂಚಾಯತು, ವಿಲೇಜ್ ಆಫೀಸುಗಳಲ್ಲಿ ದಿನಾ ಓಡಾಡುವ ಪದಗಳೇ.

ನಮ್ಮ ಕಡೆಯ ಒಂದು ಕಚೇರಿಯ ಗೋಡೆಯಲ್ಲಿ ಬೋರ್ಡು ಇದೆ. ಮೇಲೆ ಮಲಯಾಳ, ಕೆಳಗೆ ಕನ್ನಡ. ಕನ್ನಡದ ಸಾಲು ಹೀಗಿದೆ: ‘ಸೇವನಾವಕಾಶ ನಿಯಮ ಪ್ರಕಾರ ಲಭಿಸುವ ಸೇವನೆಗಳು’. ಅಕ್ಷರದಲ್ಲಿ ಒಂದು ತಪ್ಪೂ ಇಲ್ಲ. ಆದರೆ ಮಲಯಾಳ ಬಾರದವರು ಇದನ್ನು ಓದಿದರೆ ಏನು ಅರ್ಥ ಮಾಡಿಕೊಳ್ಳಬೇಕು?

ಮಲಯಾಳದಲ್ಲಿ ‘ಸೇವನಂ’ ಅಂದರೆ ಸೇವೆ. ನಮಗೆ ಸೇವನೆ ಅಂದರೆ ತಿನ್ನುವುದು, ಕುಡಿಯುವುದು. ಔಷಧ ಸೇವನೆ, ಮದ್ಯ ಸೇವನೆ ಅನ್ನುತ್ತೇವೆ ಅಲ್ವಾ? ‘ನಿಯಮಂ’ ಅಲ್ಲಿ ಕಾಯಿದೆ. ಕಾಯಿದೆ ಮಾಡುವ ಸಭೆಯೇ ಅವರಿಗೆ ನಿಯಮಸಭೆ. ನಮಗೆ ನಿಯಮ ಅಂದರೆ ಕಾಯಿದೆಯ ಕೆಳಗೆ ಬರುವ ಕಟ್ಟಳೆ, ಶಾಲೆಗೂ ಆಟಕ್ಕೂ ಇರುವಂಥದ್ದು. ಈ ಎರಡನ್ನು ಹೇಗೋ ಊಹಿಸಿಕೊಳ್ಳಬಹುದು. ನನ್ನ ತಕರಾರು ನಡುವಿನ ‘ಅವಕಾಶ’ದ ಬಗ್ಗೆ.

ಮಲಯಾಳದ ‘ಅವಕಾಶಂ’ ತುಂಬ ಗಟ್ಟಿ ಪದ. ಅಲ್ಲಿ ಅದರ ಅರ್ಥ ಹಕ್ಕು. ಆಸ್ತಿಯ ವಾರಸುದಾರ ‘ಅನಂತರಾವಕಾಶಿ’. ಮನೆಯ ಮಾಲೀಕತ್ವ ‘ಉಡಮಸ್ಥಾವಕಾಶಂ’. ಮಾನವ ಹಕ್ಕು ‘ಮನುಷ್ಯಾವಕಾಶಂ’. ನಮ್ಮ ಮಾಹಿತಿ ಹಕ್ಕು ಅವರಿಗೆ ‘ವಿವರಾವಕಾಶಂ’. ಕೋರ್ಟಿಗೆ ಹೋಗಿಯಾದರೂ ಪಡೆಯಬಹುದಾದದ್ದು ಅಂತ ಅದರ ತೂಕ. ಸಂಸ್ಕೃತದಲ್ಲಿ ಅವಕಾಶ ಅಂದರೆ ಜಾಗ, ತೆರವು. ಹಿಂದಿಯವರಿಗೆ ಅದು ರಜೆ ಆಯಿತು. ಮಲಯಾಳದವರಿಗೆ ಹಕ್ಕು ಆಯಿತು. ಕನ್ನಡದವರಿಗೂ ತೆಲುಗರಿಗೂ ‘ಆದರೆ ಆಗಬಹುದು’ ಅನ್ನುವ ಸಂದರ್ಭ ಆಯಿತು. ಪರೀಕ್ಷೆ ಬರೆಯಲು ಇನ್ನೊಂದು ಅವಕಾಶ. ಮಾತನಾಡಲು ಅವಕಾಶ ಸಿಗಲಿಲ್ಲ. ಕನ್ನಡದ ಅವಕಾಶವನ್ನು ಯಾರೋ ಕೊಡಬೇಕು, ನಾವು ಕಾಯಬೇಕು.

ನೆರೆಮನೆಯ ಅಕ್ಕ ಒಬ್ಬರಿಗೆ ಮನೆಯ ಓನರ್‌ಶಿಪ್ ಸರ್ಟಿಫಿಕೇಟ್ ಬೇಕಿತ್ತು. ನಾನೂ ಜೊತೆಗೆ ಹೋಗಿದ್ದೆ. ಕಾಯುತ್ತಾ ಕೂತಾಗ ಆ ಬೋರ್ಡು ತೋರಿಸಿ, ‘ಅಕ್ಕಾ, ಇದೇನು ಗೊತ್ತುಂಟಾ?’ ಅಂತ ಕೇಳಿದೆ. ಅವರು ನಿಧಾನಕ್ಕೆ ಓದಿದರು. ‘ಅವರಿಗೆ ಅವಕಾಶ ಆದಾಗ ಕೊಡುವಂಥದ್ದು ಅಂತ ಅಲ್ವಾ?’ ಅಂದರು. ಅವರು ಕನ್ನಡ ಶಾಲೆಯಲ್ಲಿ ಕಲಿತವರು, ದಿನಾ ಪೇಪರು ಓದುವವರು. ಕನ್ನಡದಲ್ಲಿ ಬರೆದದ್ದನ್ನು ಕನ್ನಡದವರ ಹಾಗೆಯೇ ಓದಿದ್ದಾರೆ. ಅರ್ಥ ಮಾತ್ರ ಪೂರ್ತಿ ತಿರುಗಿಹೋಯಿತು.

ಬೋರ್ಡಿನಲ್ಲಿರುವ ಆ ಕಾಯಿದೆ, ಅಂದರೆ ಸೇವೆ ಪಡೆಯುವ ಹಕ್ಕಿನ ಕಾಯಿದೆ, ಏನು ಹೇಳುತ್ತದೆ ಅಂತ ನೋಡಿದರೆ ಇದು ಎಷ್ಟು ದೊಡ್ಡ ನಷ್ಟ ಅಂತ ತಿಳಿಯುತ್ತದೆ. ಕೇರಳದಲ್ಲಿ ಈ ಕಾಯಿದೆ ಬಂದದ್ದು 2012ರಲ್ಲಿ. ಕಚೇರಿ ಕೊಡುವ ಸೇವೆ ಯಾವುದು, ಅದನ್ನು ಎಷ್ಟು ದಿನದೊಳಗೆ ಕೊಡಬೇಕು, ಕೊಡಬೇಕಾದ ಅಧಿಕಾರಿ ಯಾರು, ಇದೆಲ್ಲ ಮೊದಲೇ ಪ್ರಕಟಿಸಿರಬೇಕು. ದಿನ ಮೀರಿದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ. ಅಲ್ಲಿಯೂ ಆಗದಿದ್ದರೆ ಎರಡನೇ ಮೇಲ್ಮನವಿ. ಸರಿಯಾದ ಕಾರಣ ಇಲ್ಲದೆ ತಡಮಾಡಿದ ಅಧಿಕಾರಿಗೆ ದಂಡವೂ ಉಂಟು. ಹೀಗಿರುವಾಗ ಅದನ್ನು ‘ಅವರಿಗೆ ಅವಕಾಶ ಆದಾಗ’ ಅಂತ ಓದಿದವರು ಮೇಲ್ಮನವಿ ಯಾಕೆ ಕೊಡುತ್ತಾರೆ? ಮನೆಗೆ ಹೋಗಿ ಸುಮ್ನೆ ಕಾಯುತ್ತಾರೆ.

ಕರ್ನಾಟಕದ ಇಂಥದ್ದೇ ಕಾಯಿದೆ 2011ರದ್ದು. ಅಲ್ಲಿ ಅದಕ್ಕೆ ‘ಸಕಾಲ’ ಅಂತ ಹೆಸರಿಟ್ಟರು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಸಕಾಲ ಒಳ್ಳೆಯ ಹೆಸರೇ. ಹೊತ್ತಿಗೆ ಸರಿಯಾಗಿ ಆಗಬೇಕು ಅನ್ನುವುದು ಕಿವಿಗೆ ಬಿದ್ದ ಕೂಡಲೇ ತಿಳಿಯುತ್ತದೆ. ಆದರೆ ಅದು ಆ ರಾಜ್ಯದ ಯೋಜನೆಯ ಹೆಸರು. ಅದನ್ನು ತಂದು ಇಲ್ಲಿ ಅಂಟಿಸಿದರೆ ಇನ್ನೊಂದು ಗೊಂದಲ ಹುಟ್ಟುತ್ತದೆ.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಮಲಯಾಳದ ಪದ ಬರಲೇಬಾರದು ಅಂತ ನಾನು ಹೇಳುತ್ತಿಲ್ಲ. ‘ಪರಾತಿ ಕೊಟ್ಟೆ’, ‘ನಿಕುತಿ ಕಟ್ಟಿದೆ’ ಅಂತ ನಾವೇ ದಿನಾ ಹೇಳುತ್ತೇವೆ. ದೂರು, ತೆರಿಗೆ ಅಂತ ಹೇಳಿದರೂ ನಡೆಯುತ್ತದೆ, ಪರಾತಿ, ನಿಕುತಿ ಅಂದರೂ ನಡೆಯುತ್ತದೆ. ಹೊಸಬರಿಗೆ ಗೊತ್ತಾಗದಿದ್ದರೆ ‘ನಿಕುತಿ ಅಂದ್ರೆ ಏನು?’ ಅಂತ ಕೇಳುತ್ತಾರೆ, ಯಾರೋ ಹೇಳುತ್ತಾರೆ, ಮುಗಿಯಿತು. ತೊಂದರೆ ಜಾಸ್ತಿ ಇರುವುದು ಎರಡೂ ಭಾಷೆಯಲ್ಲಿ ಒಂದೇ ರೂಪದಲ್ಲಿದ್ದು ಅರ್ಥ ಬೇರೆ ಇರುವ ಪದಗಳಲ್ಲಿ. ಗೊತ್ತಿದೆ ಅಂದುಕೊಂಡ ಪದದ ಅರ್ಥವನ್ನು ಯಾರೂ ಕೇಳುವುದಿಲ್ಲ.

ಇಂಥವು ಬೇಕಾದಷ್ಟಿವೆ. ಮಲಯಾಳದ ‘ಅನುವಾದಂ’ ಅನುಮತಿ, ನಮಗೆ ಭಾಷಾಂತರ. ಮನೆ ಕಟ್ಟಲು ಪಂಚಾಯತಿನ ‘ಅನುವಾದ’ ಬೇಕು ಅಂದರೆ ಹೊರಗಿನವರಿಗೆ ಏನು ಹೊಳೆಯಬೇಕು? ಅಲ್ಲಿ ‘ಅಪೇಕ್ಷ’ ಅರ್ಜಿ, ಇಲ್ಲಿ ಅಪೇಕ್ಷೆ ಆಸೆ. ಅಲ್ಲಿ ‘ಪದ್ಧತಿ’ ಯೋಜನೆ, ಇಲ್ಲಿ ರೂಢಿ. ‘ಪರಿಶೋಧನ’ ಅಲ್ಲಿ ಎಲ್ಲ ಬಗೆಯ ತಪಾಸಣೆಗೂ ಆಗುತ್ತದೆ, ರಕ್ತ ಪರೀಕ್ಷೆಗೂ ಅದೇ. ನಮಗೆ ಲೆಕ್ಕಪರಿಶೋಧನೆಯೇ ಮೊದಲು ನೆನಪಾಗುವುದು. ಇವುಗಳಲ್ಲಿ ಹೆಚ್ಚಿನವು ಸಂದರ್ಭ ನೋಡಿದರೆ ಬಿಡಿಸಿಕೊಳ್ಳಬಹುದಾದವು. ‘ಅವಸರ’ ಹಾಗಲ್ಲ. ಮಲಯಾಳದಲ್ಲಿ ‘ಅವಸರಂ’ ಅಂದರೆ ನಮ್ಮ ಅವಕಾಶ. ನಮ್ಮ ಅವಸರ ಅಂದರೆ ಗಡಿಬಿಡಿ. ಅಂದರೆ ಇವು ಒಂದೊಂದು ಮೆಟ್ಟಿಲು ಸರಿದು ನಿಂತಿವೆ. ‘ನಿಮ್ಮ ವಾದ ಹೇಳಲು ಅವಸರ ಕೊಡಲಾಗುವುದು’ ಅಂತ ಒಂದು ನೋಟೀಸು ಬಂದರೆ, ಅದು ಬೆದರಿಕೆಯೋ ಉಪಕಾರವೋ ಅಂತ ತಿಳಿಯುವುದು ಕಷ್ಟ.

ಇನ್ನು ಹಕ್ಕಿನ ವಿಷಯ. ‘ಹಕ್ಕು ಅರಬ್ಬಿಯಿಂದ ಬಂದದ್ದು, ಅವಕಾಶವೇ ನಮ್ಮದು’ ಅಂತ ಕೆಲವರು ವಾದಿಸುವುದನ್ನು ಕೇಳಿದ್ದೇನೆ. ಮೂಲ ಅರಬ್ಬಿ ಹೌದು. ಆದರೆ ಈ ಮಣ್ಣಿನಲ್ಲಿ ಆ ಪದ ಎಷ್ಟು ಆಳಕ್ಕೆ ಇಳಿದಿದೆ ನೋಡಿ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಇಲ್ಲಿಯ ಜಮೀನಿನ ಮಾತೆಲ್ಲ ಆಗ ವರ್ಗ (ಸ್ವಂತ ಪಟ್ಟೆಯ ಜಾಗ), ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ವರ್ಷ ವರ್ಷದ ಗೇಣಿ), ಕುಮ್ಕಿ, ತೀರ್ವೆ (ಭೂಕಂದಾಯ) ಅಂತಲೇ ಇತ್ತು. ವರ್ಗದ ಜಾಗದ ಪಕ್ಕ ನೂರು ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಸೌದೆ ತರುವುದಕ್ಕೆ ‘ಕುಮ್ಕಿ ಹಕ್ಕು’ ಅಂತ ಹೆಸರು. ಮೂಲಗೇಣಿ ಹಕ್ಕು, ದಾರಿಯ ಹಕ್ಕು, ನೀರಿನ ಹಕ್ಕು. ಕ್ರಯಪತ್ರದಲ್ಲಿ ‘ಹಕ್ಕುಬಾಧ್ಯತೆ’. ನಮ್ಮ ಅಜ್ಜಂದಿರಿಗೆ ಹಕ್ಕು ಅಂದರೆ ಏನು ಅಂತ ಯಾರೂ ವಿವರಿಸಬೇಕಾಗಿರಲಿಲ್ಲ. ತೋಟಕ್ಕೆ ಹೋಗುವ ದಾರಿಗೆ ಅಡ್ಡ ಬೇಲಿ ಹಾಕಿದರೆ ಅವರು ‘ನನಗೆ ಅವಕಾಶ ಕೊಡಿ’ ಅನ್ನುತ್ತಿರಲಿಲ್ಲ, ‘ಇದು ನನ್ನ ಹಕ್ಕು’ ಅನ್ನುತ್ತಿದ್ದರು. ಈ ಪದವನ್ನು ಬೆಂಗಳೂರಿನಿಂದ ತರಿಸಬೇಕಾಗಿಲ್ಲ. ಇಲ್ಲೇ ಇದೆ, ಬೋರ್ಡಿಗೆ ಏರಿಸಿದರೆ ಸಾಕು.

ಎರಡನೇ ಪದ ‘ಮೇಲ್ನೋಟ’. ಮಲಯಾಳದ ‘ಮೇಲ್‌ನೋಟ್ಟಂ’ ಅಂದರೆ ಮೇಲ್ವಿಚಾರಣೆ, ಉಸ್ತುವಾರಿ. ಮುಲ್ಲಪೆರಿಯಾರ್ ಅಣೆಕಟ್ಟಿಗೆ ಇರುವ ಸಮಿತಿಯನ್ನು ಅಲ್ಲಿಯ ಪತ್ರಿಕೆಗಳು ‘ಮೇಲ್‌ನೋಟ್ಟ ಸಮಿತಿ’ ಅಂತಲೇ ಬರೆಯುತ್ತವೆ. ನಮಗೆ ಮೇಲ್ನೋಟ ಅಂದರೆ ಒಳಹೊಕ್ಕು ನೋಡದೆ ಹೊರಗಿನಿಂದ ಕಂಡದ್ದು. ‘ಮೇಲ್ನೋಟಕ್ಕೆ ಎಲ್ಲ ಸರಿಯಾಗಿದೆ’ ಅಂದರೆ ಒಳಗೆ ಏನೋ ಸರಿಯಿಲ್ಲ ಅಂತಲೇ ಕೇಳಿಸುತ್ತದೆ. ಹೀಗಿದ್ದೂ ರಸ್ತೆ ಕಾಮಗಾರಿಯ ‘ಮೇಲ್ನೋಟ ಸಮಿತಿ’ ಅನ್ನುವ ಮಾತು ಈಗ ಕನ್ನಡ ವರದಿಗಳಲ್ಲೂ ನುಸುಳಿದೆ.

ಇದಕ್ಕೆ ಯಾವ ಪದ ಸರಿ ಅಂತ ನನಗೆ ಪೂರ್ತಿ ತೀರ್ಮಾನಕ್ಕೆ ಬರಲು ಆಗಿಲ್ಲ. ಮೇಲ್ವಿಚಾರಣೆ ಅಂದರೆ ಮೇಲಿನವರು ಕೆಳಗಿನವರ ಕೆಲಸ ನೋಡುವುದು. ಇಂಜಿನಿಯರು ನೋಡಿದರೆ ಅದು ಸರಿ. ಆದರೆ ಗ್ರಾಮಸಭೆ ಮಾಡುವುದು ಅದಲ್ಲವಲ್ಲ. ಕೇರಳದಲ್ಲಿ ಪ್ರತಿ ವಾರ್ಡಿಗೂ ಒಂದು ಗ್ರಾಮಸಭೆ. ವಾರ್ಡಿನ ಮತದಾರರೆಲ್ಲ ಅದರ ಸದಸ್ಯರು. ಮೂರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಕರೆಯಬೇಕಾದವರು ವಾರ್ಡ್ ಮೆಂಬರು. ಫಲಾನುಭವಿಗಳ ಪಟ್ಟಿ ಅಲ್ಲಿ ಚರ್ಚೆಯಾಗುತ್ತದೆ. ಯಾವ ಕೆಲಸಕ್ಕೆ ಎಷ್ಟು ದುಡ್ಡು, ಎಷ್ಟು ಖರ್ಚಾಯಿತು ಅಂತ ಕೇಳಬಹುದು. ಉದ್ಯೋಗ ಖಾತರಿ ಕೆಲಸಗಳ ಸಾಮಾಜಿಕ ಪರಿಶೋಧನೆಯೂ ಗ್ರಾಮಸಭೆಯ ಹೊಣೆ ಅಂತ 2005ರ ಕಾಯಿದೆಯಲ್ಲೇ ಇತ್ತು. ಇಲ್ಲಿ ನೋಡುವವರು ಯಾರ ಮೇಲೂ ಕೂತವರಲ್ಲ, ಕೆಲಸದ ಯಜಮಾನರು ಅವರೇ. ಅದಕ್ಕೆ ‘ನಿಗಾ’ ಹತ್ತಿರ ಅಂತ ನನಗೆ ಅನಿಸುತ್ತದೆ. ‘ಜನರ ನಿಗಾ ಸಮಿತಿ’ ಅಂದರೆ ಯಾರಿಗೂ ತಿಳಿಯುತ್ತದೆ. ‘ಕಣ್ಗಾವಲು’ ಅಂದರೆ ಕಳ್ಳರನ್ನು ಕಾಯುವ ಹಾಗೆ ಕೇಳಿಸುತ್ತದೆ. ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ.

ಸಣ್ಣದೊಂದು ಸೇರಿಸುತ್ತೇನೆ. ಸ್ಥಳೀಯ ಸಂಸ್ಥೆಗಳ ಭ್ರಷ್ಟಾಚಾರ, ದುರಾಡಳಿತದ ದೂರು ಕೇಳಲು ಕೇರಳದಲ್ಲಿ ‘ಓಂಬುಡ್ಸ್‌ಮನ್’ ಇದ್ದಾರೆ. ಲೋಕಾಯುಕ್ತರು ಬೇರೆ, ಇವರು ಬೇರೆ. ಮಲಯಾಳದವರೂ ಓಂಬುಡ್ಸ್‌ಮನ್ ಅಂತಲೇ ಬರೆಯುತ್ತಾರೆ. ನಾವೂ ಹಾಗೇ ಇಟ್ಟುಕೊಂಡು, ಕೆಳಗೆ ಒಂದು ಸಾಲು ವಿವರ ಬರೆದರೆ ಸಾಕು ಅಂತ ನನ್ನ ಅಭಿಪ್ರಾಯ.

‘ಇಷ್ಟೆಲ್ಲ ಯಾಕೆ, ಮಲಯಾಳ ಕಲಿತರಾಯಿತಲ್ಲ’ ಅನ್ನುವವರಿದ್ದಾರೆ. ನಮ್ಮಲ್ಲಿ ಹೆಚ್ಚಿನವರು ಕಲಿತಿದ್ದೇವೆ. ಮನೆಯಲ್ಲಿ ತುಳುವೋ ಹವ್ಯಕವೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಹೀಗೇ ನಾವು ಬೆಳೆದದ್ದು. ಆದರೆ ಅರ್ಜಿಯ ವಿಷಯ ಬೇರೆ. ತಮಿಳು, ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು, ಉತ್ತರವೂ ಅದರಲ್ಲೇ ಬರಬೇಕು ಅಂತ ಕೇರಳದ 1969ರ ಆಡಳಿತ ಭಾಷಾ ಕಾಯಿದೆ ಹೇಳುತ್ತದೆ. ಸಂವಿಧಾನದ 350ನೇ ವಿಧಿಯಂತೆ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ದೂರು ಕೊಡಬಹುದು. ಕನ್ನಡ ಲಿಪಿಯಲ್ಲಿ ಬರೆದ ಮಲಯಾಳ ಆ ಉತ್ತರ ಆಗುವುದಿಲ್ಲ. ಈಗ ಅರ್ಜಿಗಳೆಲ್ಲ ಕೆ-ಸ್ಮಾರ್ಟ್‌ಗೆ, ಅಂದರೆ ಕೇರಳದ ಸ್ಥಳೀಯ ಸಂಸ್ಥೆಗಳ ಆನ್‌ಲೈನ್ ವ್ಯವಸ್ಥೆಗೆ, ಹೋಗಿವೆ. 2024ರ ಜನವರಿಯಲ್ಲಿ ನಗರಸಭೆಗಳಿಗೆ, 2025ರ ಏಪ್ರಿಲ್‌ನಲ್ಲಿ ಗ್ರಾಮ ಪಂಚಾಯತುಗಳಿಗೆ ಅದು ಬಂತು. ಗೋಡೆಯ ಬೋರ್ಡಿನ ತಪ್ಪು ಒಂದು ಕಚೇರಿಗೆ ಮಾತ್ರ. ಫೋನಿನ ಪರದೆಯಲ್ಲಿ ಒಮ್ಮೆ ತಪ್ಪು ಪದ ಕೂತರೆ ಎಲ್ಲ ಪಂಚಾಯತುಗಳಿಗೂ ಅದೇ ಗತಿ. ಅದಕ್ಕೇ ಈ ಪದಗಳ ಬಗ್ಗೆ ಈಗಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ನಮ್ಮ ವಾರ್ಡಿನ ಮುಂದಿನ ಗ್ರಾಮಸಭೆಯಲ್ಲಿ ಕೊಡಲು ಒಂದು ಸಾಲು ಬರೆದಿಟ್ಟಿದ್ದೇನೆ: ‘ಸೇವೆ ಪಡೆಯುವ ಹಕ್ಕಿನ ಕಾಯಿದೆ, 2012ರ ಪ್ರಕಾರ ಈ ಕಚೇರಿ ಕೊಡಬೇಕಾದ ಸೇವೆಗಳು’. ‘ಲಭಿಸುವ’ ತೆಗೆದು ‘ಕೊಡಬೇಕಾದ’ ಅಂತ ಬೇಕೆಂದೇ ಹಾಕಿದ್ದೇನೆ. ಲಭಿಸುವುದು ಅಂದರೆ ತಾನಾಗಿ ಬಂದು ಬೀಳುವ ಹಾಗಿದೆ. ಕೊಡಬೇಕಾದ್ದು ಅಂದರೆ ಕೊಡುವವರು ಒಬ್ಬರಿದ್ದಾರೆ ಅಂತಾಗುತ್ತದೆ. ಇನ್ನು ಕಚೇರಿಯ ಸೇವೆಗಳ ವಿವರ ಕೊಡುವ ಸಿಟಿಜನ್ ಚಾರ್ಟರ್, ಅಂದರೆ ಮಲಯಾಳದ ‘ಪೌರಾವಕಾಶ ರೇಖೆ’ಗೆ ‘ನಾಗರಿಕ ಹಕ್ಕುಪತ್ರ’ ಅನ್ನೋಣವೋ, ಕರ್ನಾಟಕದ ‘ನಾಗರಿಕ ಸನ್ನದು’ ಸಾಕೋ? ಸನ್ನದು ಇಲ್ಲಿಯ ಹಳ್ಳಿಗಳಲ್ಲಿ ಬಳಕೆ ಕಡಿಮೆ. ಹಕ್ಕುಪತ್ರ ಅಂದರೆ ಜಾಗದ ಪಟ್ಟೆ ಅಂತ ತಿಳಿದುಕೊಳ್ಳುವ ಭಯವೂ ಇದೆ.

ಬೇರೆ ಗಡಿಗಳವರಿಗೆ ನನ್ನ ಪ್ರಶ್ನೆ. ಅಕ್ಕಲಕೋಟೆ, ಜತ್ತ ಕಡೆಯವರಿಗೆ ಈ ತೊಂದರೆ ಇಲ್ಲ ಅಂದುಕೊಂಡಿದ್ದೇನೆ. ಮಹಾರಾಷ್ಟ್ರದ 2015ರ ಕಾಯಿದೆಯ ಹೆಸರಲ್ಲೇ ‘ಲೋಕಸೇವಾ ಹಕ್ಕ’ ಇದೆ. ಆದೋನಿ, ರಾಯದುರ್ಗ, ಮಡಕಶಿರಾದವರಿಗೂ ತೆಲುಗಿನ ಹಕ್ಕು ನಮ್ಮದೇ ಹಕ್ಕು. ಅಲ್ಲಿ ಬೇರೆ ಯಾವ ಪದ ಹೀಗೆ ಕಾಡುತ್ತದೆ? ಹೊಸೂರು, ತಾಳವಾಡಿಯವರು ತಮಿಳಿನ ‘ಉರಿಮೈ’ಯನ್ನು ಕನ್ನಡದಲ್ಲಿ ಮಾತಾಡುವಾಗ ಹಾಗೇ ಹೇಳುತ್ತೀರಾ, ಹಕ್ಕು ಅನ್ನುತ್ತೀರಾ? ಮತ್ತೆ ಕುಂಬಳೆ, ಮಂಜೇಶ್ವರ, ಎಣ್ಮಕಜೆ ಕಡೆಯ ಹಿರಿಯರಲ್ಲಿ ಯಾರ ಮನೆಯಲ್ಲಾದರೂ 1956ಕ್ಕಿಂತ ಹಿಂದಿನ ಕನ್ನಡ ಪಂಚಾಯತ್ ನೋಟೀಸು, ತೀರ್ವೆ ರಸೀತಿ ಇದ್ದರೆ, ಅದರಲ್ಲಿ ಅನುಮತಿಗೆ, ಅರ್ಜಿಗೆ, ಉಸ್ತುವಾರಿಗೆ ಯಾವ ಪದ ಬಳಸಿದ್ದಾರೆ ಅಂತ ದಯವಿಟ್ಟು ನೋಡಿ ಬರೆಯಿರಿ.